ಕಾರ್ಡ್ ತುಂಬಿಸಿಕೊಡಲಾಗುವುದು

ಬಸ್ ಸ್ಟ್ಯಾಂಡಿನ ಕಾಂಪೌಂಡಿಗೆ ಆತುಕೊಂಡ ಸಾಲಿನಲ್ಲಿ ಮೊದಲು ಖಾನಾವಳಿ, ಆಮೇಲೆ ಝೆರಾಕ್ಸ್, ಅದರ ಪಕ್ಕ ಮೊಬೈಲ್ ಅಂಗಡಿ. ಕಾಲ 2010ರ ಆಸುಪಾಸು. ಊರು ಬಾದಾಮಿಯಾದರೂ ಸರಿ, ಸವದತ್ತಿಯಾದರೂ ಸರಿ, ಗಂಗಾವತಿಯಾದರೂ ಸರಿ, ಅಂಗಡಿ ಒಂದೇ ಥರ. ಗಾಜಿನ ಕಪಾಟಿನೊಳಗೆ ಚೈನಾ ಸೆಟ್ಟುಗಳು. ಮೇಲಿನ ಮೊಳೆಗಳಿಂದ ಇಳಿಬಿದ್ದ ಚಾರ್ಜರುಗಳ ಗೊಂಚಲು. ಕಾಲಡಿಯಲ್ಲಿ ಕೆರೆದು ಬಿಸಾಕಿದ ರೀಚಾರ್ಜ್ ಕೂಪನ್ನುಗಳು. ಮೂಲೆಯಲ್ಲೊಂದು ಕಂಪ್ಯೂಟರ್. ಅದರ ಕೀಲಿಮಣೆಯ ಉಳಿದ ಅಕ್ಷರಗಳೆಲ್ಲ ನಿಚ್ಚಳ. ಕಂಟ್ರೋಲ್, ಸಿ, ವಿ ಮೂರು ಮಾತ್ರ ಸವೆದು ಬೋಳಾಗಿವೆ. ನಕಲಿಸಿ ಅಂಟಿಸುವುದಕ್ಕೆ ಬೇಕಾದದ್ದು ಆ ಮೂರೇ. ಗೋಡೆಯ ಮೇಲೆ ಕೈಬರಹದ ಹಾಳೆ: ‘ಇಲ್ಲಿ ಮೆಮೊರಿ ಕಾರ್ಡಿಗೆ ಹಾಡು, ಪಿಚ್ಚರ್, ನಾಟಕ ತುಂಬಿಸಿಕೊಡಲಾಗುವುದು.’

ಸಂತೆ ಮುಗಿಸಿದವನೊಬ್ಬ ಚೀಲ ಕೆಳಗಿಟ್ಟು, ಅಂಗಿಯ ಒಳಜೇಬಿನಿಂದ ಫೋನ್ ತೆಗೆದು, ಬೆನ್ನು ಬಿಚ್ಚಿ, ಉಗುರಿನಷ್ಟಗಲದ ಕಾರ್ಡನ್ನು ಅಂಗೈ ಮೇಲಿಡುತ್ತಾನೆ.

‘ಏನ್ ಹಾಕ್ಲಿ ಕಾಕಾ?’

‘ಜಾನಪದ ಹಾಕಪಾ. ಒಂದೀಟ ಭಜನಿ ಪದಾ. ನಾಟಕ ಅದಾವೇನು?’

‘ಎಲ್ಲಾ ಅದಾವ.’

ಹುಡುಗ ಕಾರ್ಡನ್ನು ರೀಡರಿಗೆ ಸಿಕ್ಕಿಸುತ್ತಾನೆ. ಪರದೆಯ ಮೇಲೆ ಫೋಲ್ಡರುಗಳ ಸಾಲು: ಓಲ್ಡ್ ಸ್ಯಾಡ್, ದರ್ಶನ್ ಹಿಟ್ಸ್, ಭಕ್ತಿ, ಜಾನಪದ 1, ಜಾನಪದ 2, ನ್ಯೂ ಫೋಲ್ಡರ್. ಒಂದೊಂದನ್ನೇ ತೆರೆದು ನೋಡುವ ಗೊಡವೆಯಿಲ್ಲ. ಇಡೀ ಫೋಲ್ಡರನ್ನೇ ಎತ್ತಿ ಅತ್ತ ಸುರಿದರೆ ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳತೊಡಗುತ್ತದೆ. ಕಾಕಾ ಅದು ತುಂಬುವುದನ್ನೇ ನೋಡುತ್ತ ಎಲೆ ಅಡಿಕೆ ಹಾಕಿಕೊಳ್ಳುತ್ತಾನೆ. ಪಟ್ಟಿ ತುದಿ ಮುಟ್ಟುವ ಹೊತ್ತಿಗೆ ಅವನ ಬಸ್ಸು ಇನ್ನೂ ಹೊರಟಿರುವುದಿಲ್ಲ. ಕೊಡುವುದು ಹತ್ತೋ ಇಪ್ಪತ್ತೋ ರೂಪಾಯಿ.

ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಆ ಕಾಲದ ಸಾಮಾನ್ಯ ಎಂಪಿ3 ಹಾಡಿಗೆ ನಿಮಿಷಕ್ಕೆ ಹತ್ತಿರಹತ್ತಿರ 1 ಎಂಬಿ ಜಾಗ ಸಾಕು. 5 ನಿಮಿಷದ ಹಾಡು 5 ಎಂಬಿ. 2 ಜಿಬಿ ಕಾರ್ಡಿನಲ್ಲಿ 400 ಹಾಡು. ಕ್ಯಾಸೆಟ್ಟಿಗೆ 10 ಹಾಡಿನಂತೆ ಹಿಡಿದರೆ 40 ಕ್ಯಾಸೆಟ್. ಗೋಡೆಗೆ ಮರದ ಹಲಗೆ ಬಡಿಸಿ ಜೋಡಿಸಿಡಬೇಕಿದ್ದ ಸಂಗ್ರಹ ಅಂಗಿಯ ಜೇಬಿನಲ್ಲಿ ಕೂತು ಮುಧೋಳದ ಬಸ್ಸು ಹತ್ತಿತು.

ಈ ವ್ಯಾಪಾರವನ್ನು ನಾವು ಉಚಿತ ಡೌನ್‌ಲೋಡ್ ಎನ್ನುತ್ತೇವೆ. ಆದರೆ ಕಾಕಾ ದುಡ್ಡು ಕೊಟ್ಟಿದ್ದಾನೆ, ಸಂತೋಷವಾಗಿಯೇ ಕೊಟ್ಟಿದ್ದಾನೆ. ಆ ಇಪ್ಪತ್ತು ರೂಪಾಯಿಯಲ್ಲಿ ಕರೆಂಟ್ ಬಿಲ್ಲಿಗೆ ಪಾಲಿದೆ, ಅಂಗಡಿ ಬಾಡಿಗೆಗೆ ಪಾಲಿದೆ, ಹುಡುಗನ ಚಹಾಕ್ಕೆ ಪಾಲಿದೆ. ಹಾಡಿದವಳಿಗೆ, ದಪ್ಪು ಬಡಿದವನಿಗೆ, ಅವರನ್ನೆಲ್ಲ ಸೇರಿಸಿ ಸ್ಟುಡಿಯೋ ಹತ್ತಿಸಿದವನಿಗೆ ಮಾತ್ರ ಇಲ್ಲ. ಸಂಗೀತಕ್ಕೆ ದುಡ್ಡು ಕೊಡುವ ಗುಣ ನಮ್ಮ ಜನರಿಂದ ಹೋಯಿತು ಎಂದು ಆಗ ಕ್ಯಾಸೆಟ್ ಕಂಪನಿಗಳವರು ಹಲುಬುತ್ತಿದ್ದರು. ನನಗೆ ಹಾಗನ್ನಿಸುವುದಿಲ್ಲ. ದುಡ್ಡು ಹರಿಯುವ ಕಾಲುವೆಯನ್ನು ತಿರುವಿಬಿಟ್ಟರು, ಅಷ್ಟೆ.

ಆ ಕಂಪನಿಯೆಂದರೆ ಹೇಗಿರುತ್ತಿತ್ತು? ಬೋರ್ಡಿನ ಮೇಲೆ ‘ರೆಕಾರ್ಡಿಂಗ್ ಕಂಪನಿ’ ಎಂದು ದಪ್ಪಕ್ಷರ. ಒಳಗೆ ಹೊಕ್ಕರೆ ಒಂದೂವರೆ ಕೋಣೆ. ಮುಂದಿನ ಕೋಣೆಯಲ್ಲಿ ಮಾಲೀಕನ ಮೇಜು, ಮೇಜಿನ ಮೇಲೆ ಬಿಲ್ ಬುಕ್ಕು, ದೇವರ ಪಟಕ್ಕೆ ಕೆಂಪು ಬಲ್ಬು. ಹಿಂದಿನ ಅರ್ಧ ಕೋಣೆಯಲ್ಲಿ ನಕಲು ಮಾಡುವ ಯಂತ್ರ. ಅದರ ಪಕ್ಕ ಪ್ಯಾನ್‌ಕೇಕ್ ಎಂದು ಕರೆಯುವ ದೊಡ್ಡ ಟೇಪು ಸುರುಳಿಗಳು, ಸಿ-ಝೀರೋ ಎಂಬ ಟೇಪಿಲ್ಲದ ಖಾಲಿ ಡಬ್ಬಿಗಳ ಪೆಟ್ಟಿಗೆ, ಮುದ್ರಣಾಲಯದಿಂದ ಬಂದ ಇನ್‌ಲೇ ಕಾರ್ಡುಗಳ ಕಟ್ಟು. ನೆಲದ ಮೇಲೆ ಕೂತ ಇಬ್ಬರು ಮೂವರು ಹೆಣ್ಣುಮಕ್ಕಳು ಟೇಪು ತುಂಬಿದ ಡಬ್ಬಿಗೆ ಲೇಬಲ್ ಅಂಟಿಸಿ, ಕಾರ್ಡು ಮಡಚಿ ತುರುಕಿ, ಜಿಲೇಟಿನ್ ಹಾಳೆ ಸುತ್ತುತ್ತಾರೆ. ಮಾಲೀಕ ಹಿಂದೊಮ್ಮೆ ರೇಡಿಯೋ ರಿಪೇರಿ ಮಾಡುತ್ತಿದ್ದವನು, ಇಲ್ಲವೇ ಕ್ಯಾಸೆಟ್ ಅಂಗಡಿ ಇಟ್ಟಿದ್ದವನು. ಯಾವ ಊರಿನ ಯಾವ ಮೇಳ ಯಾವ ಜಾತ್ರೆಗೆ ಬರುತ್ತದೆ ಎಂಬುದು ಅವನ ನಾಲಿಗೆ ತುದಿಯಲ್ಲಿರುತ್ತದೆ. ಸಂಗೀತಶಾಸ್ತ್ರ ಗೊತ್ತಿಲ್ಲ. ಜನ ಯಾವ ಸಾಲಿಗೆ ‘ಭಲೇ’ ಎನ್ನುತ್ತಾರೆ ಎಂಬುದು ಗೊತ್ತು.

ಇಂಥವರಿಗೆ ಜಾಗ ಸಿಕ್ಕಿದ್ದೇ ಒಂದು ನಕಲು ಯಂತ್ರದಿಂದ. ಅದಕ್ಕೆ ಮೊದಲು ಕೋಲ್ಕತ್ತದ ಬಳಿಯ ದಮ್‌ದಮ್‌ನಲ್ಲಿ ಕಾರ್ಖಾನೆ ಇಟ್ಟುಕೊಂಡಿದ್ದ ಗ್ರಾಮಫೋನ್ ಕಂಪನಿಯ ನಾಯಿಯ ಗುರುತು ಹತ್ತಾರು ವರ್ಷ ನಮ್ಮ ಕಿವಿಗಳನ್ನು ಆಳಿತು. ತಟ್ಟೆ ಒತ್ತಲು ಕಾರ್ಖಾನೆ ಬೇಕು, ಕಾರ್ಖಾನೆಗೆ ಬಂಡವಾಳ ಬೇಕು. ಬಂಡವಾಳ ಇದ್ದವರಿಗೆ ಸಿನಿಮಾ ಹಾಡು ಬೇಕು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ 1970ರ ದಶಕದ ಕೊನೆಗೆ ಭಾರತದ ಬೀದಿಗೆ ಇಳಿಯಿತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕಟ್ಟಿದ ‘ನಿತ್ಯೋತ್ಸವ’ 1978ರಲ್ಲಿ ಬಂದು ಕನ್ನಡದ ಭಾವಗೀತೆ ಧ್ವನಿಸುರುಳಿಗಳ ಸಾಲಿಗೆ ಮೊದಲ ಹೆಸರಾಯಿತು. ಆಮೇಲೆ ಸಿ. ಅಶ್ವತ್ಥರ ಕಂಠದಲ್ಲಿ ಶಿಶುನಾಳ ಶರೀಫರು ಮನೆಮನೆ ಹೊಕ್ಕರು. ಪೇಟೆಯವರ ಕಥೆ ಇದು. ಅತ್ತ ಹಳ್ಳಿಯ ಕಡೆ ಮಾಸ್ಟರ್ ಹಿರಣ್ಣಯ್ಯನವರ ನಾಟಕ, ಗೀಗೀ ಪದ, ಡೊಳ್ಳಿನ ಪದ, ಮಾದೇಶ್ವರನ ಕಾವ್ಯ, ಕರಾವಳಿಯಲ್ಲಿ ಯಕ್ಷಗಾನದ ಪ್ರಸಂಗ, ಎಲ್ಲವೂ ಟೇಪಿಗೆ ಇಳಿದವು. ಅಮೆರಿಕದ ಸಂಗೀತ ವಿದ್ವಾಂಸ ಪೀಟರ್ ಮ್ಯಾನುಯೆಲ್ 1993ರಲ್ಲಿ ಉತ್ತರ ಭಾರತದ ಕ್ಯಾಸೆಟ್ ಸಂಸ್ಕೃತಿಯ ಮೇಲೆ ಒಂದು ಪುಸ್ತಕವನ್ನೇ ಬರೆದರು. ಒಂದೇ ಕಂಪನಿಯ ಹಿಡಿತ ಸಡಿಲಿ ನೂರಾರು ಪುಟ್ಟ ತಯಾರಕರು ಹುಟ್ಟಿದ್ದು, ಊರ ಭಾಷೆಗಳು ಮಾರುಕಟ್ಟೆಗೆ ಬಂದದ್ದು ಅದರ ಮುಖ್ಯ ಕಥೆ. ನಮ್ಮ ಕಡೆಯೂ ಅದೇ ನಡೆಯಿತು.

ಜಾತ್ರೆಗಳೇ ಈ ಪುಟ್ಟ ಕಂಪನಿಗಳ ಸುಗ್ಗಿಯಾಗಿದ್ದವು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯಲ್ಲಿ ತೇರು ಎಳೆದ ಮೇಲೂ ಜಾತ್ರೆ ವಾರಗಟ್ಟಲೆ ನಿಲ್ಲುತ್ತದೆ. ಹೊಂಡದ ಸುತ್ತ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಇಟ್ಟುಕೊಂಡು ಕೂಗುತ್ತಾರೆ. ಅತ್ತ ಸಾಲಾಗಿ ನಾಟಕ ಕಂಪನಿಗಳ ತಗಡಿನ ಥಿಯೇಟರು, ಒಂದೊಂದರ ಹೊರಗೂ ಅರಚುವ ಲೌಡ್ ಸ್ಪೀಕರು. ಅವುಗಳ ನಡುವೆ ಆಗ ಕ್ಯಾಸೆಟ್ ಅಂಗಡಿಗಳು: ನಾಲ್ಕು ಬಿದಿರು, ಮೇಲೊಂದು ತಾಡಪಾಲು, ದಾರಕ್ಕೆ ಪೋಣಿಸಿ ಇಳಿಬಿಟ್ಟ ಕ್ಯಾಸೆಟ್ಟಿನ ಮಾಲೆಗಳು. ಒಂದರಲ್ಲಿ ಬನಶಂಕರಿ ತಾಯಿ, ಮಗ್ಗುಲಿನದರಲ್ಲಿ ಸವದತ್ತಿ ಎಲ್ಲಮ್ಮ, ಎದುರಿಗಿನದರಲ್ಲಿ ಸಂಗ್ಯಾ ಬಾಳ್ಯಾ. ಮೂರರ ಸದ್ದೂ ಕಲಸಿ ಏನೂ ಕೇಳಿಸದಂತಾದಾಗಲೂ ಗಿರಾಕಿಗೆ ತನಗೆ ಬೇಕಾದ ದನಿ ಕೇಳಿಸಿಯೇ ಕೇಳಿಸುತ್ತದೆ. ಅವನು ಕ್ಯಾಸೆಟ್ ಹಿಡಿದು ಮುಖಪುಟ ನೋಡುತ್ತಾನೆ. ಮೇಳದ ಮುಂದಾಳು ಹೆಣ್ಣುಮಗಳು ಹಣೆತುಂಬ ಕುಂಕುಮ ಇಟ್ಟುಕೊಂಡು ಕ್ಯಾಮೆರಾವನ್ನು ಗದರಿಸುವಂತೆ ನಿಂತ ಫೋಟೋ. ಕೆಳಗೆ ಅವಳ ಹೆಸರು, ಊರು, ಹಿಮ್ಮೇಳದವರ ಹೆಸರು, ತಬಲಾ, ಹಾರ್ಮೋನಿಯಂ, ತಾಳ, ಪದ ಕಟ್ಟಿದ ಕವಿಯ ಹೆಸರು. ಒಳಗಿನ ಮಡಿಕೆಯಲ್ಲಿ ಎ ಬದಿ, ಬಿ ಬದಿ ಎಂದು ಪಲ್ಲವಿಗಳ ಪಟ್ಟಿ. ಎಲ್ಲಕ್ಕಿಂತ ಕೆಳಗೆ ಕಂಪನಿಯ ವಿಳಾಸ, ಇಸವಿ. 1984ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ಸೇರಿಸಿದ 52ಎ ಕಲಮು ತಯಾರಕರ ಹೆಸರು, ವಿಳಾಸ, ಹಕ್ಕುದಾರರ ಹೆಸರು, ಮೊದಲು ಪ್ರಕಟವಾದ ವರ್ಷ ಇಷ್ಟನ್ನು ಅಚ್ಚು ಹಾಕಲೇಬೇಕು ಎನ್ನುತ್ತದೆ. ಹಾಡುವವರ ಹೆಸರನ್ನು ಅದು ಕೇಳುವುದಿಲ್ಲ. ಕಂಪನಿಯವನು ತಾನಾಗಿಯೇ ಹಾಕುತ್ತಿದ್ದ. ಆ ಹೆಸರು ನೋಡಿಯೇ ಮಾಲು ಹೋಗುತ್ತಿತ್ತಲ್ಲ!

ಧ್ವನಿಮುದ್ರಣದ ದಿನವನ್ನು ನೋಡಬೇಕಿತ್ತು. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದ ಸ್ಟುಡಿಯೋ. ಮೇಳದವರು ರಾತ್ರಿ ಬಸ್ಸಿಗೆ ಬಂದು ಮುಖ ತೊಳೆದು, ಬುತ್ತಿ ಬಿಚ್ಚಿ ಉಂಡು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಾರೆ. ಗೋಡೆಗೆಲ್ಲ ಗಾದಿ ಹೊಡೆದ ಆ ಕೋಣೆಯ ಮೌನ ಅವರಿಗೆ ಹೊಸದು. ಬಯಲಲ್ಲಿ ಹಾಡಿದವರು, ಎದುರಿಗೆ ಜನ ಇಲ್ಲದಿದ್ದರೆ ಗಂಟಲು ಬಿಚ್ಚುವುದಿಲ್ಲ. ಹರದೇಶಿ ನಾಗೇಶಿ ಎಂಬ ಗೀಗೀ ಪದದ ಪೈಪೋಟಿಯಲ್ಲಿ ಒಬ್ಬರು ಹೆಣ್ಣು ಹೆಚ್ಚು ಎಂದು ವಾದ ಹೂಡಿದರೆ ಇನ್ನೊಬ್ಬರು ಗಂಡು ಹೆಚ್ಚು ಎಂದು ಸವಾಲು ಹಾಕುತ್ತಾರೆ. ಬೆಳಗಾದರೂ ವಾದ ತೀರುವುದಿಲ್ಲ. ಕ್ಯಾಸೆಟ್ಟಿನ ಒಂದು ಬದಿ 30 ನಿಮಿಷ. ಗಾಜಿನಾಚೆ ನಿಂತ ಕಂಪನಿಯವನು ಎರಡು ಬೆರಳು ಎತ್ತುತ್ತಾನೆ: ಎರಡೇ ನಿಮಿಷ ಉಳಿದಿದೆ. ಪುರಾಣ ಪ್ರಮಾಣ ಹೇಳುತ್ತಿದ್ದ ನಾಗೇಶಿಯವಳು ದ್ರೌಪದಿಯನ್ನು ಸಭೆಯಲ್ಲೇ ಬಿಟ್ಟು ಮಂಗಳದ ನುಡಿಗೆ ಹಾರುತ್ತಾಳೆ. ಬೆಳತನಕದ ಹಾಡನ್ನು ಅರ್ಧ ತಾಸಿಗೆ ಕೊಯ್ದ ಪಾಪ ಈ ಪುಟ್ಟ ಕಂಪನಿಗಳದೇ. ಚಿತ್ರಗೀತೆಯ ಮಟ್ಟನ್ನು ಕೇಳದೆ ಎತ್ತಿಕೊಂಡು ಅದಕ್ಕೆ ದೇವರ ಹೆಸರು ಹೊಂದಿಸಿ ಮಾರಿದ್ದೂ ಅವರೇ. ಸಂಭಾವನೆ ಒಂದೇ ಕಂತು. ಕೈಗೆ ನೋಟು, ಒಂದು ಹಾಳೆಯ ಮೇಲೆ ಸಹಿ ಇಲ್ಲವೇ ಹೆಬ್ಬೆಟ್ಟು, ಜೊತೆಗೊಂದಿಷ್ಟು ಕ್ಯಾಸೆಟ್. ಲಕ್ಷ ಪ್ರತಿ ಹೋದರೂ ಅಷ್ಟೇ, ನೂರು ಹೋದರೂ ಅಷ್ಟೇ.

ಆದರೂ ಒಂದು ಕೆಲಸ ಕಂಪನಿಯವನು ಮಾಡುತ್ತಿದ್ದ. ಹಾಡು ಹುಟ್ಟುವ ಮೊದಲೇ ದುಡ್ಡು ಹಾಕುತ್ತಿದ್ದ. ಯಾರೂ ಕೇಳಿರದ ಹೆಣ್ಣುಮಗಳೊಬ್ಬಳ ಗಂಟಲಿನ ಮೇಲೆ, ಸ್ಟುಡಿಯೋ ಬಾಡಿಗೆ, ಬಸ್ ಚಾರ್ಜು, ಊಟ, ಟೇಪು, ಮುದ್ರಣ ಇಷ್ಟನ್ನೂ ಕೈಯಿಂದ ಸುರಿದು, ಜಾತ್ರೆಯ ತನಕ ಕಾಯುತ್ತಿದ್ದ. ಹತ್ತರಲ್ಲಿ ಆರೇಳು ಮುಳುಗುತ್ತಿದ್ದವು. ಎರಡು ತೇಲುತ್ತಿದ್ದವು. ಒಂದು ಓಡಿದರೆ ಅದರ ಗಳಿಕೆಯಲ್ಲೇ ಮುಂದಿನ ಹತ್ತರ ಜೂಜು. ಲೇಬಲ್ ಎಂದು ಪೇಟೆಯವರು ಕರೆಯುವ ವಸ್ತು ಈ ಜೂಜಿನ ಧೈರ್ಯವೇ ಹೊರತು ಮೇಲಂಟಿಸಿದ ಚೀಟಿಯಲ್ಲ. ಮೆಮೊರಿ ಕಾರ್ಡು ಕಡಿದದ್ದು ಸರಿಯಾಗಿ ಆ ಬೇರನ್ನು. ಓಡುವ ಹಾಡನ್ನೇ ಜನ ಮೊದಲು ನಕಲು ಮಾಡುತ್ತಾರೆ. ಮುಳುಗಿದ್ದನ್ನು ಯಾರೂ ಮುಟ್ಟುವುದಿಲ್ಲ. ನಷ್ಟವೆಲ್ಲ ಕಂಪನಿಯವನ ಪಾಲಿಗೆ ಉಳಿದು, ಲಾಭದ ಒಂದು ಹಾಡು ಮಾತ್ರ ಊರಿನದಾಯಿತು.

ಕಳ್ಳ ಕ್ಯಾಸೆಟ್ ಹಿಂದೆಯೂ ಇತ್ತು, ನಿಜ. ಆದರೆ ಟೇಪಿನಿಂದ ಟೇಪಿಗೆ ಇಳಿದಂತೆ ಗುಂಯ್ ಸದ್ದು ಏರುತ್ತದೆ. ನಕಲಿನ ನಕಲು ಕೇಳಿದರೆ ಹಾಡುವವಳು ಮಳೆಯಲ್ಲಿ ನಿಂತಂತಿರುತ್ತದೆ. ಖಾಲಿ ಟೇಪಿಗೂ ದುಡ್ಡು, ಸಮಯಕ್ಕೂ ದುಡ್ಡು. ಅಸಲು ಕ್ಯಾಸೆಟ್ಟು ಕೊಂಡವನಿಗೆ ಒಳ್ಳೆಯ ಸದ್ದಿನ ರೂಪದಲ್ಲಿ ಏನೋ ಸಿಗುತ್ತಿತ್ತು. ಆಮೇಲೆ ಬಂದ ಎಂಪಿ3 ಸೀಡಿ ಈ ಅಂತರವನ್ನು ಅಳಿಸಿತು. 700 ಎಂಬಿಯ ಒಂದು ತಟ್ಟೆಯಲ್ಲಿ ನೂರೈವತ್ತರ ಹತ್ತಿರ ಹಾಡು. ಬೆಂಗಳೂರಿನ ಮೆಜೆಸ್ಟಿಕ್ಕಿನ ಫುಟ್‌ಪಾತುಗಳಲ್ಲಿ ಅವು ರಾಶಿ ಬಿದ್ದವು. ಆದರೂ ತಟ್ಟೆ ಸುಡಬೇಕು, ಹೊತ್ತು ತರಬೇಕು. ಕಾರ್ಡಿಗೆ ಅದೂ ಬೇಡ.

ಅಮೆರಿಕದಲ್ಲಿ 1999ರ ನ್ಯಾಪ್‌ಸ್ಟರ್ ವಿದ್ಯಾರ್ಥಿಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಹೆಣೆದು ಹಾಡು ಹಂಚಿತು. 2001ರಲ್ಲಿ ಕೋರ್ಟು ಅದರ ಬಾಗಿಲು ಹಾಕಿಸಿತು. ನಮ್ಮಲ್ಲಿ ಹೆಣಿಗೆ ಬೇರೆ. ಸುಟಿಯಾದ ಯಾರೋ ಹೊಸ ಕ್ಯಾಸೆಟ್ಟನ್ನು ಎಂಪಿ3 ಮಾಡಿ ಉಚಿತ ಡೌನ್‌ಲೋಡಿನ ತಾಣಕ್ಕೆ ಏರಿಸುತ್ತಾನೆ. ಹುಬ್ಬಳ್ಳಿಯ ಸೈಬರ್ ಕೆಫೆಯಲ್ಲಿ ಇನ್ನೊಬ್ಬ ಅದನ್ನು ಇಳಿಸಿ ಹಾರ್ಡ್ ಡಿಸ್ಕಿಗೆ ತುಂಬುತ್ತಾನೆ. ತಾಲೂಕಿನ ಮೊಬೈಲ್ ಅಂಗಡಿಯವನು ಅಲ್ಲಿಗೆ ಹೋಗಿ ಡಿಸ್ಕಿನಿಂದ ಡಿಸ್ಕಿಗೆ ಸುರುವಿಕೊಂಡು ಬರುತ್ತಾನೆ. ಅಲ್ಲಿಂದ ಕಾರ್ಡಿಗೆ, ಕಾರ್ಡಿನಿಂದ ಬ್ಲೂಟೂತಿನಲ್ಲಿ ಪಕ್ಕದ ಹೊಲದವನಿಗೆ. ಇಂಟರ್ನೆಟ್ಟು ಮುಟ್ಟದ ಹಳ್ಳಿಗೂ ಡೌನ್‌ಲೋಡ್ ತಲುಪಿದ್ದು ಹೀಗೆ. ಕೋರ್ಟು ಯಾವ ಬಾಗಿಲು ಹಾಕಿಸೀತು?

ಈ ಪಯಣದಲ್ಲಿ ಮೊದಲು ಉದುರಿದ್ದು ಹೆಸರುಗಳು. ಫೋನಿನ ಪರದೆಯಲ್ಲಿ ‘ಟ್ರ್ಯಾಕ್ 07’. ಹಾಡಿದವರು ಎಂಬ ಜಾಗದಲ್ಲಿ ಆ ಕದ್ದ ತಾಣದ ವಿಳಾಸ. ಆಲ್ಬಮ್ ಎಂಬಲ್ಲಿಯೂ ಅದೇ ವಿಳಾಸ. ದುಡ್ಡು ಹೋದದ್ದಕ್ಕಿಂತ ನನಗೆ ಹೆಚ್ಚು ಸಿಟ್ಟು ಬರುವುದು ಇದಕ್ಕೆ. ಕದಿಯುವವ ಕದಿಯಲಿ, ಹಾಡಿದವಳ ಹೆಸರು ಅಳಿಸಿ ತನ್ನದನ್ನು ಬರೆಯುವ ಹೊಲಸು ಚಟ ಯಾಕೆ? ಜಾತ್ರೆಯ ಸೀಸನ್ನಿನಲ್ಲಿ ಊರಿನವರು ಕಾರ್ಯಕ್ರಮಕ್ಕೆ ಮೇಳ ಕರೆಸಬೇಕೆಂದರೆ ಹಿಂದೆ ಕ್ಯಾಸೆಟ್ಟಿನ ಹಿಂಬದಿ ನೋಡುತ್ತಿದ್ದರು. ಈಗ ‘ಟ್ರ್ಯಾಕ್ 07 ಅನ್ನುವವರು ಯಾರು?’ ಎಂದು ಎಲ್ಲಿ ಕೇಳುವುದು?

ಸರಿಯಾಗಿ ಅದೇ ಹೊತ್ತಿಗೆ ದೂರದ ಶಿಕಾಗೋದಲ್ಲಿ ಟಚ್ ಅಂಡ್ ಗೋ ಎಂಬ ಪುಟ್ಟ ಲೇಬಲ್ ಸೊರಗಿತು. 1981ರಿಂದ ಪಂಕ್ ಗುಂಪುಗಳ ತಟ್ಟೆ ಹೊರತರುತ್ತಿದ್ದ ಅದು ಬಹುತೇಕ ಕಾಗದ ಪತ್ರವಿಲ್ಲದೆ, ಕೈ ಕುಲುಕಿ ಒಪ್ಪಂದ ಮಾಡಿಕೊಳ್ಳುತ್ತಿತ್ತು: ಖರ್ಚು ಕಳೆದು ಉಳಿದದ್ದರಲ್ಲಿ ಗುಂಪಿಗೆ ಅರ್ಧ, ಲೇಬಲ್ಲಿಗೆ ಅರ್ಧ. ಮರ್ಜ್, ಡ್ರ್ಯಾಗ್ ಸಿಟಿಯಂಥ ಬೇರೆ ಪುಟ್ಟ ಲೇಬಲ್ಲುಗಳ ಮಾಲನ್ನೂ ಅದೇ ಅಂಗಡಿಗಳಿಗೆ ಸಾಗಿಸುತ್ತಿತ್ತು. 2009ರ ಫೆಬ್ರವರಿಯಲ್ಲಿ ಆ ವಿತರಣೆಯನ್ನು ನಿಲ್ಲಿಸಿ ಕೆಲಸದವರಲ್ಲಿ ಹಲವರನ್ನು ಮನೆಗೆ ಕಳಿಸಿತು. ವಿಚಿತ್ರವೆಂದರೆ ಅದೇ ಲೇಬಲ್ಲಿನ ಹಳೆಯ ಬಂಟನಾದ ಸಂಗೀತಗಾರ ಸ್ಟೀವ್ ಆಲ್ಬಿನಿ 2014ರಲ್ಲಿ ಮೆಲ್ಬರ್ನಿನಲ್ಲಿ ಭಾಷಣ ಮಾಡುತ್ತ ಇಂಟರ್ನೆಟ್ಟು ಸಂಗೀತಕ್ಕೆ ಒಳ್ಳೆಯದನ್ನೇ ಮಾಡಿದೆ ಎಂದು ವಾದಿಸಿದರು. ನಡುವಿನವರು ತೊಲಗಿದರು, ಕೇಳುವವನು ಹಾಡುವವನ ಹತ್ತಿರ ಬಂದ ಎಂಬುದು ಅವರ ಮಾತಿನ ಸಾರ. ಅಲ್ಲಿ ಗುಂಪುಗಳು ಊರೂರು ತಿರುಗಿ ಟಿಕೆಟ್ಟು, ಟಿ ಶರ್ಟು ಮಾರಿ ಹೊಟ್ಟೆ ಹೊರೆಯಬಲ್ಲವು. ಗೀಗೀ ಮೇಳದವರ ಟಿ ಶರ್ಟು ಯಾರು ಕೊಳ್ಳುತ್ತಾರೆ?

ಹಾಗೆಂದು ಆಲ್ಬಿನಿಯ ಮಾತನ್ನು ತಳ್ಳಿಹಾಕಲೂ ಮನಸ್ಸಾಗುವುದಿಲ್ಲ. ಬೆಂಗಳೂರಿನ ಯಾವುದಾದರೂ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಗೆ ಆಗ ಸಂಜೆ ಹತ್ತಿ ನೋಡಬೇಕಿತ್ತು. ಇನ್ನೂ ಕಿಟಕಿ ಕೂರದ ಗೋಡೆಗಳ ನಡುವೆ ಮೂರು ಕಲ್ಲಿನ ಒಲೆ, ರೊಟ್ಟಿ ಬಡಿಯುವ ಸದ್ದು. ರಾಯಚೂರು, ಕಲಬುರಗಿ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದ ಸಂಸಾರಗಳು. ಸ್ಟೀಲಿನ ಚರಿಗೆಯೊಳಗೆ ಫೋನ್ ಇಟ್ಟಿದ್ದಾರೆ, ಸದ್ದು ದೊಡ್ಡದಾಗಲಿ ಎಂದು. ಚರಿಗೆಯಿಂದ ಎಲ್ಲಮ್ಮನ ಪದ ಏಳುತ್ತದೆ. ಇವರಲ್ಲಿ ಯಾರ ಮನೆಯಲ್ಲೂ ಟೇಪ್ ರೆಕಾರ್ಡರ್ ಇರಲಿಲ್ಲ. ಇದ್ದಿದ್ದರೂ ಗುಳೆ ಬರುವಾಗ ಹೊತ್ತು ತರುತ್ತಿರಲಿಲ್ಲ. ಕಾರ್ಡು ಮಾತ್ರ ಬಂತು. ಇವರು ಕಂಪನಿಯ ಗಿರಾಕಿಗಳೇ ಆಗಿರಲಿಲ್ಲ. ಆದ್ದರಿಂದ ಇವರಿಂದ ಕಂಪನಿಗೆ ನಷ್ಟವಾಯಿತೆಂಬ ಲೆಕ್ಕ ನಿಲ್ಲುವುದಿಲ್ಲ. ನ್ಯೂಜೆರ್ಸಿಯಲ್ಲಿ ಕೂತ ಕನ್ನಡಿಗ ಎಂಜಿನಿಯರನ ಮಾತೂ ಅಷ್ಟೇ. ಅವನಿಗೆ ಕೊಳ್ಳುವ ಶಕ್ತಿ ಇತ್ತು, ಆದರೆ ಬಾದಾಮಿ ಜಾತ್ರೆಯ ಕ್ಯಾಸೆಟ್ಟನ್ನು ಅವನಿಗೆ ಮಾರುವ ಅಂಗಡಿಯೇ ಇರಲಿಲ್ಲ. ಉಚಿತ ತಾಣ ಇತ್ತು, ಇಳಿಸಿಕೊಂಡ.

ಕರಾವಳಿಯ ಕಾಳಿಂಗ ನಾವಡರನ್ನೇ ನೋಡಿ. ಬಡಗುತಿಟ್ಟಿನ ಆ ಭಾಗವತ 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಇನ್ನೂ ನಡುಹರೆಯ ಮುಟ್ಟಿರಲಿಲ್ಲ. ಅವರ ಪದ್ಯಗಳನ್ನು ಕಂಪನಿಗಳು ಮುದ್ರಿಸಿದ್ದಕ್ಕಿಂತ ಹೆಚ್ಚಾಗಿ ಅಭಿಮಾನಿಗಳು ಚೌಕಿಯ ಬದಿಯಲ್ಲಿ, ರಂಗಸ್ಥಳದ ಮುಂದೆ, ಮೈಕಿನ ಬುಡದಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದರು. ಆ ಟೇಪುಗಳು ಕೈಯಿಂದ ಕೈಗೆ ನಕಲಾಗಿ, ಆಮೇಲೆ ಎಂಪಿ3 ಆಗಿ, ಈಗ ಯೂಟ್ಯೂಬಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ಯಾವ ಲೇಬಲ್ಲಿನ ಅನುಮತಿಗೂ ಕಾಯದ ಆ ಹುಚ್ಚು ಇರದಿದ್ದರೆ ಅವರು ತೀರಿಕೊಂಡ ಮೇಲೆ ಹುಟ್ಟಿದವರು ಆ ದನಿಯ ಎಷ್ಟೋ ರಾತ್ರಿಗಳನ್ನು ಕೇಳುತ್ತಲೇ ಇರಲಿಲ್ಲ.

ಸೊರಗಿದ್ದು ಎಲ್ಲರೂ ಒಂದೇ ಸಮ ಅಲ್ಲ. ಸಿನಿಮಾ ಹಾಡಿನ ಹಕ್ಕು ಕೊಂಡ ದೊಡ್ಡ ಕಂಪನಿಗೆ ಕ್ಯಾಸೆಟ್ ಬಿದ್ದುಹೋದರೂ ಎಫ್‌ಎಂ ಇತ್ತು, ಟೀವಿ ಇತ್ತು, ಕಾಲರ್ ಟ್ಯೂನ್ ಇತ್ತು. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ತೆರೆಗೆ ಬಂದ ಮೇಲೆ ಯಾರಿಗೆ ಫೋನ್ ಮಾಡಿದರೂ ಅದೇ ಹಾಡು. ತಿಂಗಳಿಗೆ ಮೂವತ್ತು ರೂಪಾಯಿ ಕೊಟ್ಟು ಜನ ತಾವು ಕೇಳದ, ತಮಗೆ ಫೋನ್ ಮಾಡಿದವರಿಗಷ್ಟೇ ಕೇಳುವ ಅರ್ಧ ನಿಮಿಷದ ತುಣುಕನ್ನು ಬಾಡಿಗೆಗೆ ಪಡೆದರು! ಇಡೀ ಹಾಡು ಪುಕ್ಕಟೆ, ತುಣುಕಿಗೆ ದುಡ್ಡು. ಅದರಲ್ಲಿ ದೊಡ್ಡ ಪಾಲು ಟೆಲಿಕಾಂ ಕಂಪನಿಗೆ ಹೋದರೂ ಲೇಬಲ್ಲಿಗೆ ಉಸಿರು ಹಿಡಿಯುವಷ್ಟು ಬಂತು. ಆದರೆ ಆ ಬಾಗಿಲು ದಾಟಬೇಕಾದರೆ ಕಾಗದ ಬೇಕು: ಹಾಡಿದವರೊಂದಿಗೆ ಕರಾರು, ಕವಿಯೊಂದಿಗೆ ಕರಾರು, ಹಕ್ಕು ಯಾರದೆಂಬುದಕ್ಕೆ ದಾಖಲೆ. ಜಾತ್ರೆ ನಂಬಿದ ಕಂಪನಿಯವನ ಬಳಿ ಇದ್ದದ್ದು ಹೆಬ್ಬೆಟ್ಟಿನ ಹಾಳೆ, ಅದೂ ಗೆದ್ದಲು ಹಿಡಿದದ್ದು. ಕಲಾವಿದರಿಗೆ ಪಾಲು ಕೊಡದೆ ಒಂದೇ ಕಂತಿನಲ್ಲಿ ಮುಗಿಸಿದ ಜಾಣತನ ಹೀಗೆ ಅವನಿಗೇ ತಿರುಗಿ ಹೊಡೆಯಿತು.

ಸರಕಾರ ಕೈಕಟ್ಟಿ ಕೂರಲಿಲ್ಲ. 2014ರಲ್ಲಿ ಕರ್ನಾಟಕದ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು ಆ್ಯಸಿಡ್ ದಾಳಿಕೋರರು, ಭೂಗಳ್ಳರ ಸಾಲಿಗೆ ಆಡಿಯೋ ವಿಡಿಯೋ ನಕಲುಕೋರರನ್ನೂ ಸೇರಿಸಿದರು. ಬಸ್ ಸ್ಟ್ಯಾಂಡಿನ ಆ ಹುಡುಗನನ್ನು ಗೂಂಡಾ ಎನ್ನಲು ನನಗಂತೂ ನಾಲಿಗೆ ಏಳುವುದಿಲ್ಲ. ಕಾನೂನು ಬಂದ ಹೊತ್ತಿಗೆ ಜಾತ್ರೆಯ ಬಿದಿರಿನ ಅಂಗಡಿಗಳು ಆಗಲೇ ಬಳೆ, ಆಟಿಕೆಗಳಿಗೆ ತಿರುಗಿದ್ದವು. ನಕಲು ಯಂತ್ರಗಳು ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗಿದ್ದವು. ಮಾಲೀಕರಲ್ಲಿ ಕೆಲವರು ಹಕ್ಕುಗಳನ್ನು ಒಟ್ಟಿಗೇ ದೊಡ್ಡವರಿಗೆ ಮಾರಿ ಕೈ ತೊಳೆದುಕೊಂಡರು. ಕೆಲವರು ಬೋರ್ಡು ಬದಲಿಸಿ ಫ್ಲೆಕ್ಸ್ ಮುದ್ರಣಕ್ಕೆ ಇಳಿದರು. ಇನ್ನು, ಹುಡುಗನ ಕಥೆಯೂ ಉದ್ದವಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಡೇಟಾ ಅಗ್ಗವಾಯಿತು, ಹಾಡನ್ನು ತುಂಬಿಸಿಕೊಳ್ಳುವ ಅಗತ್ಯವೇ ಹೋಯಿತು. ಲೇಬಲ್ಲಿನ ಅನ್ನ ಕಸಿದ ಗೋಡೆಯ ಆ ಹಾಳೆಯನ್ನು ಪೊಲೀಸರಲ್ಲ, ಟವರುಗಳು ಹರಿದವು.

ಈಗ ಚಳಿಗಾಲದಲ್ಲಿ ಜಮಖಂಡಿ, ಮುಧೋಳ, ಅಥಣಿಯ ಕಡೆ ಹೋದರೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು. ಎಂಜಿನ್ನಿನ ಮೇಲೆ ಹೂವಿನ ಹಾರ, ಕೂರುವ ಸೀಟಿನ ಹಿಂದೆ ಆಳೆತ್ತರದ ಸ್ಪೀಕರು. ಎದೆ ಗುದ್ದುವ ಡೊಳ್ಳಿನ ತಾಳಕ್ಕೆ ಪ್ರೀತಿ, ಮೋಸ, ಡ್ರೈವರನ ಗತ್ತು, ಅತ್ತೆ ಮಗಳ ಸಿಟ್ಟು. ಉತ್ತರ ಕರ್ನಾಟಕದ ಈ ಹೊಸ ಜಾನಪದ ಯೂಟ್ಯೂಬಿಗೆಂದೇ ಹುಟ್ಟಿದ್ದು, ಕೇಳುವವನಿಗೆ ಪೂರಾ ಪುಕ್ಕಟೆ. ಹೊಲದ ಬದುವಿನಲ್ಲಿ ಶೂಟಿಂಗ್, ಮೊಬೈಲಿನಲ್ಲೇ ಎಡಿಟಿಂಗ್. ಹೆಸರು ಮಾತ್ರ ಮರಳಿ ಬಂದಿದೆ, ಅದೂ ಭರ್ಜರಿಯಾಗಿ: ಹಾಡಿದವನ ಹೆಸರು, ಬರೆದವನ ಹೆಸರು, ಜೊತೆಗೆ ಕಾರ್ಯಕ್ರಮಕ್ಕೆ ಕರೆಯಲು ಫೋನ್ ನಂಬರು. ಹಾಡು ಜಾಹೀರಾತು, ದುಡ್ಡು ಇರುವುದು ಜಾತ್ರೆಯ ರಸಮಂಜರಿಯಲ್ಲಿ. ಇದನ್ನು ಕೀಳಾಗಿ ಕಾಣುವವರಿದ್ದಾರೆ. ನನಗೆ ಇವುಗಳಲ್ಲಿ ಕೆಲವು ಇಷ್ಟ; ಆ ಭಾಷೆಗೆ ಉಪ್ಪು ಖಾರ ಇದೆ. ಹಳೆಯ ಕಂಪನಿಗಳಲ್ಲಿ ಮಾಸ್ಟರ್ ಟೇಪು ಉಳಿಸಿಕೊಂಡ ಒಂದಷ್ಟು ಜನರೂ ತಮ್ಮ ಭಜನೆ, ನಾಟಕಗಳನ್ನು ಅಲ್ಲೇ ಏರಿಸಿ ಜಾಹೀರಾತಿನ ಚಿಲ್ಲರೆ ಎಣಿಸುತ್ತಿದ್ದಾರೆ. ಮಾಸ್ಟರಿಗೆ ಬೂಸ್ಟು ಹಿಡಿದವರು, ಯಾವನೋ ಗಿರಾಕಿ ತನ್ನ ಮನೆಯ ಸವೆದ ಕ್ಯಾಸೆಟ್ಟಿನಿಂದ ಏರಿಸಿದ ತಮ್ಮದೇ ಹಾಡನ್ನು ಕೇಳುತ್ತ ಕೂತಿದ್ದಾರೆ.

ಆದರೆ ಈ ಹೊಸ ಏರ್ಪಾಡಿನಲ್ಲಿ ಮೊದಲ ದುಡ್ಡು ಹಾಕುವವನು ಹಾಡುವವನೇ. ಟ್ರ್ಯಾಕಿಗೆ, ಸ್ಟುಡಿಯೋಕ್ಕೆ, ಕ್ಯಾಮೆರಾಕ್ಕೆ ಅವನು ಸಾಲ ಮಾಡುತ್ತಾನೆ. ಇಪ್ಪತ್ತೆರಡರ ಹುಡುಗ ಆ ಜೂಜು ಆಡಬಲ್ಲ, ಓಡದಿದ್ದರೆ ಕಬ್ಬು ಕಡಿಯಲು ಹೋಗುತ್ತಾನೆ. ಅರವತ್ತು ದಾಟಿದ ನಾಗೇಶಿಯವಳು ಆಡಲಾರಳು. ನಾಲ್ಕು ನಿಮಿಷದ ಡಿಜೆ ಹಾಡಿಗೆ ಒಗ್ಗಿದ ಯೂಟ್ಯೂಬಿನಲ್ಲಿ ಅವಳ ಸವಾಲು ಜವಾಬು ಹಾಕಿದರೂ ಓಡಲಾರದು. ಅವಳ ಮೇಲೆ ಹಣ ಹೂಡುತ್ತಿದ್ದ, ಅವಳಿಗೆ ಪಾಲು ಕೊಡದಿದ್ದ, ಅವಳ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತಿದ್ದ ಮನುಷ್ಯ ಈಗ ಪೇಟೆಯಲ್ಲಿ ಇಲ್ಲ. ಅವಳಿಗೆ ಉಳಿದಿರುವುದು ಧಾರವಾಡದ ಆಕಾಶವಾಣಿ ಕರೆದರೆ ಅಲ್ಲಿನ ಗೌರವಧನ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಿಂದ ಯಾರಾದರೂ ಸಂಶೋಧನೆಗೆಂದು ಬಂದರೆ ಒಂದು ಮಧ್ಯಾಹ್ನದ ಮುದ್ರಣ, ಮತ್ತು ಮೊಮ್ಮಗನ ಫೋನು. ಮೊಮ್ಮಗ ಹಿಡಿದದ್ದಕ್ಕೆ ಗಡಿಯಾರ ಇಲ್ಲ, ಎರಡು ಬೆರಳು ಎತ್ತುವವರೂ ಇಲ್ಲ. ದ್ರೌಪದಿ ಸಭೆಯಿಂದ ಹೊರಗೆ ಬರುವ ತನಕವೂ ಅವಳು ಹಾಡಬಹುದು. ಸಂಭಾವನೆಯ ಮಾತು ಮಾತ್ರ ಅಲ್ಲಿ ಏಳುವುದಿಲ್ಲ.